ಬಿದಿರ ಮೆಳೆಯೂ ನಾಗಲಮಡಿಕೆಯ ಬೀಳು ನೆಲವೂ



ಈ ಹೊತ್ತು ಬಿದಿರಿನ ವಿಷಯ ನಾಲ್ಕು ಮಾತಾಡೋಣ ಅಂತ ಬಂದಿದ್ದೇನೆ. “ಏನ್ ಸ್ವಾಮಿ, ನಮ್ಮ ಪಾವಗಡ ಸೀಮೆಗೂ ಬಿದಿರಿಗೂ ಏನು ಸಂಬಂಧ? ಅದು ಮಲೆನಾಡಿನವರ ಸೊತ್ತು. ನಮ್ಮದೇನಿದ್ದರೂ ಕಡಲೆಕಾಯಿ, ಜಾಲಿ, ಬಂಡೆಗಲ್ಲು” ಅಂತ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಆದರೆ ಒಂದು ಸಲ ನಿಮ್ಮ ಮನೆಯೊಳಗೇ ಕಣ್ಣು ಹಾಯಿಸಿ. ಮೂಲೆಗೆ ಒರಗಿಸಿದ ಮೊರ ಯಾವುದರದು? ರೊಟ್ಟಿ ಇಡುವ ಪುಟ್ಟಿ, ಗೊಬ್ಬರ ಹೊರುವ ಮಂಕರಿ, ಅಟ್ಟಕ್ಕೆ ಹಚ್ಚುವ ಏಣಿ, ಕೊಟ್ಟಿಗೆಗೆ ಕಟ್ಟಿದ ತಡಿಕೆ ಇವೆಲ್ಲ ಯಾವುದರವು? ಹಿಂದೆ ರಾಗಿ ತುಂಬುತ್ತಿದ್ದ ಕಣಜವೂ ಬಿದಿರ ಹೆಣಿಗೆಯದೇ, ಅದಕ್ಕೆ ಸಗಣಿ ಬಳಿದು ಒಣಗಿಸುತ್ತಿದ್ದರು. ಬಿತ್ತುವ ಕೂರಿಗೆಯನ್ನೇ ನೋಡಿ: ಬಟ್ಟಲಿಗೆ ಕಾಳು ಸುರಿದರೆ ಅದು ಬಿದಿರ ಕೊಳವೆಯಲ್ಲಿ ಇಳಿದು ಸಾಲಿಗೆ ಬೀಳಬೇಕು. ಮಗು ಹುಟ್ಟಿದಾಗ ತೊಟ್ಟಿಲು, ಮದುವೆಗೆ ಮರದ ಬಾಗಿನದ ಮೊರ, ಕೊನೆಗೆ ಚಟ್ಟ. ಅಂದಮೇಲೆ ನಮಗೂ ಬಿದಿರಿಗೂ ಸಂಬಂಧ ಇಲ್ಲ ಎನ್ನುವುದು ಹೇಗೆ? ಸಂಬಂಧ ಬಹಳ ಉಂಟು. ಇಲ್ಲದ್ದು ಒಂದೇ, ನಾವು ಅದನ್ನು ನೆಟ್ಟು ಬೆಳೆಸಲಿಲ್ಲ.

ಯಾಕೆ ಬೆಳೆಸಲಿಲ್ಲ? ಈಗ ಬೆಳೆಸಬಹುದೆ? ಬೆಳೆಸಿದರೆ ಕೊರೆದುಹೋದ ನಮ್ಮ ನೆಲ ಸುಧಾರಿಸುತ್ತದೆಯೆ, ಕೂಲಿಯವರಿಗೆ ನಾಲ್ಕು ಕಾಸು ಹುಟ್ಟುತ್ತದೆಯೆ? ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದಿನ ಕಥೆ ತಿಳಿದಿರಬೇಕು. ಹಿಂದಿನದು ತಿಳಿಯದೆ ಸಸಿ ನೆಟ್ಟರೆ ಏನಾಗುತ್ತದೆ ಎಂಬುದನ್ನು ನನ್ನ ಸ್ವಂತ ಅನುಭವದಿಂದಲೇ ಆಮೇಲೆ ಹೇಳುತ್ತೇನೆ.

ಮೊದಲು ನಮ್ಮ ಊರಿನಿಂದಲೇ ಶುರುಮಾಡೋಣ. ನಾಗಲಮಡಿಕೆ ಉತ್ತರ ಪಿನಾಕಿನಿಯ ದಡದ ಊರು. ಹೊಲ ಉಳುವಾಗ ನಾಗನ ಕಲ್ಲು ಮಡಕೆಗೆ ಸಿಕ್ಕಿತು, ಅದರಿಂದ ಊರಿಗೆ ಈ ಹೆಸರು ಬಂತು ಎಂದು ಹಿರಿಯರು ಹೇಳುತ್ತಾರೆ. ಮಡಕೆ ಎಂದರೆ ನೇಗಿಲು ತಾನೆ. ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ ಎಂದು ಸುಬ್ರಹ್ಮಣ್ಯನ ಮೂರು ಸ್ಥಳಗಳನ್ನು ಎಣಿಸುವುದು ನಿಮಗೆ ಗೊತ್ತೇ ಇದೆ. ಪುಷ್ಯ ಮಾಸದ ಷಷ್ಠಿಗೆ ತೇರು. ಸುತ್ತ ಮೂರು ಕಡೆ ಆಂಧ್ರದ ಸೀಮೆ, ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ಹೊಳೆ ನಂದಿಬೆಟ್ಟದ ಕಡೆ ಹುಟ್ಟಿ, ಗೌರಿಬಿದನೂರು, ಹಿಂದೂಪುರ ದಾಟಿ ಇಲ್ಲಿಗೆ ಬರುತ್ತದೆ. ಮುಂದೆ ಅನಂತಪುರ, ಕಡಪ ಸೀಮೆ ಹಾದು ನೆಲ್ಲೂರಿನ ಹತ್ತಿರ ಸಮುದ್ರ ಸೇರುತ್ತದೆ. ಹೊಳೆ ಎಂದು ಹೆಸರು. ವರ್ಷದ ಬಹುಪಾಲು ಮರಳೇ. ವರ್ಷಕ್ಕೆ ಬೀಳುವ ಮಳೆ 500 ರಿಂದ 600 ಮಿಲಿಮೀಟರ್, ಅಂದರೆ 20 ರಿಂದ 24 ಅಂಗುಲ, ಅದೂ ಬಿದ್ದರೆ ಉಂಟು. ಇಂಥ ಕಡೆ ಬಿದಿರು ತಾನಾಗಿ ಹುಟ್ಟಿ ಕಾಡಾಗುವುದಿಲ್ಲ. ಆದುದರಿಂದ ನಮಗೆ ಬಿದಿರು ಯಾವಾಗಲೂ ಹೊರಗಿನಿಂದಲೇ ಬರಬೇಕಾಯಿತು. ಮಲೆನಾಡಿನ ಗಳ ಗಾಡಿಯ ಮೇಲೆ ಬಂದು ಪೇಟೆಗೆ ಇಳಿಯುವುದು, ಅಲ್ಲಿಂದ ಮೇದರ ಕೈಗೆ, ಮೇದರ ಕೈಯಿಂದ ನಮ್ಮ ಮನೆಗೆ.

ಈ ಮೇದರ ಕಸುಬು ನಿನ್ನೆ ಮೊನ್ನೆಯದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರ ಜೊತೆಗಿದ್ದ ಶರಣರಲ್ಲಿ ಮೇದರ ಕೇತಯ್ಯನವರೂ ಒಬ್ಬರು. ಬಿದಿರು ಕಡಿದು ಬುಟ್ಟಿ ಹೆಣೆದು ಬದುಕಿದವರು, ವಚನವನ್ನೂ ಬರೆದವರು. ಎಂಟುನೂರು ವರ್ಷಕ್ಕೂ ಮೇಲಿನಿಂದ ಒಂದು ಕುಲ ಈ ಒಂದು ಹುಲ್ಲನ್ನು ನಂಬಿ ಬಾಳಿದೆ ಎಂದಾಯಿತು. ಹುಲ್ಲು ಎಂದೆ ನೋಡಿ! ಬಿದಿರು ಮರವಲ್ಲ, ರಾಗಿ, ಭತ್ತ, ಕಬ್ಬಿನ ಜಾತಿಯ ಹುಲ್ಲು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಒಂದು ದೊಡ್ಡ ಕಾನೂನಿನ ತಕರಾರಾಗುತ್ತದೆ.

ಹುಲ್ಲಿನ ಜಾತಿಯಾದ್ದರಿಂದಲೇ ಬಿದಿರು ಹೂ ಬಿಟ್ಟರೆ ಸಾಯುತ್ತದೆ. ರಾಗಿ ನಾಲ್ಕು ತಿಂಗಳಿಗೆ ತೆನೆ ಬಿಟ್ಟು ಒಣಗಿದ ಹಾಗೆ, ಹೆಬ್ಬಿದಿರು ನಲವತ್ತು ನಲವತ್ತೈದು ವರ್ಷಕ್ಕೊಮ್ಮೆ ತೆನೆ ಬಿಟ್ಟು, ಒಂದು ಸೀಮೆಯ ಮೆಳೆಗಳೆಲ್ಲ ಒಟ್ಟಿಗೆ ಒಣಗುತ್ತವೆ. 2010ರ ಈಚೆಗೆ ನಾಗರಹೊಳೆ, ಬಂಡೀಪುರದ ಕಡೆ ಹೋದವರು ಈ ನೋಟ ನೋಡಿರಬಹುದು. ಮೈಲಿಗಟ್ಟಲೆ ಬಿದಿರು ಹಳದಿಯಾಗಿ ನಿಂತಿತ್ತು. ಆಗ ಉದುರುವ ಕಾಳೇ ಬಿದಿರಕ್ಕಿ. ಬಿದಿರು ಹೂ ಬಿಟ್ಟರೆ ಬರ ಬರುತ್ತದೆ ಎಂದು ಹಳ್ಳಿಗಳಲ್ಲಿ ಹೇಳುವುದುಂಟು. ಕಾಳು ತಿಂದು ಇಲಿ ಹೆಚ್ಚುತ್ತದೆ, ಕಾಳು ಮುಗಿದಾಗ ಅದೇ ಇಲಿ ಹೊಲಕ್ಕೆ ನುಗ್ಗುತ್ತದೆ. ಮಾತಿನಲ್ಲಿ ಅಷ್ಟು ಹುರುಳಿದೆ. ಆದರೆ ಹೊಟ್ಟೆಗಿಲ್ಲದವನಿಗೆ ಅದೇ ಕಾಳು ಅನ್ನವೂ ಆಗಿದೆ. 1864ನೆಯ ಇಸವಿಯಲ್ಲಿ ಉತ್ತರ ಕನ್ನಡದ ಸೂಪಾ ಸೀಮೆಯ, ಅಂದರೆ ಈಗಿನ ಜೋಯಿಡಾ ತಾಲ್ಲೂಕಿನ, ಕಾಡಿನಲ್ಲಿ ಬಿದಿರು ಒಟ್ಟಿಗೆ ಹೂ ಬಿಟ್ಟಿತು. ಧಾರವಾಡ, ಬೆಳಗಾವಿ ಜಿಲ್ಲೆಗಳಿಂದ ಸುಮಾರು 50,000 ಜನ ಕಾಳು ಆರಿಸಲು ಅಲ್ಲಿಗೆ ಹೋದರೆಂದು ಆ ಕಾಲದ ಅರಣ್ಯ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಒಂದೊಂದು ಗುಂಪು ಹತ್ತು ಹದಿನಾಲ್ಕು ದಿವಸ ಕಾಡಿನಲ್ಲೇ ಬಿಡಾರ ಹೂಡಿ, ಮಳೆಗಾಲಕ್ಕೆ ಆಗುವಷ್ಟು ಕಾಳು ಕಟ್ಟಿಕೊಂಡು, ಮಿಕ್ಕದ್ದನ್ನು ಮಾರಿಕೊಂಡಿತಂತೆ. ಹೆಂಗಸರು ಮಕ್ಕಳು ಕಾಡಿನಲ್ಲಿ ಹದಿನಾಲ್ಕು ದಿವಸ ಕೂತು ಹುಲ್ಲಿನ ಕಾಳು ಗುಡಿಸುತ್ತಾರೆ ಎಂದರೆ ಮನೆಯ ಕಣಜ ಎಷ್ಟು ಬರಿದಾಗಿರಬೇಕು, ನೀವೇ ಯೋಚಿಸಿ.

ಅವರಿಗೆ ಕಾಡಾದರೂ ಇತ್ತು. ಅದಾದ ಹನ್ನೆರಡು ವರ್ಷಕ್ಕೆ, 1876 ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳ ದೊಡ್ಡ ಬರ ಬಂದಾಗ ನಮ್ಮ ಬಯಲುಸೀಮೆಯವರಿಗೆ ಅದೂ ಇರಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷದ ಮೇಲಿದ್ದರು. 1881ರಲ್ಲಿ ಎಣಿಸಿದಾಗ 42 ಲಕ್ಷವೂ ಇರಲಿಲ್ಲ. ನೆಲ ಬೋಳಾದರೆ ಬರೀ ಬೆಳೆ ಹೋಗುವುದಲ್ಲ, ಬೆಳೆ ಹೋದ ವರ್ಷ ಹಿಡಿದುಕೊಳ್ಳುವುದಕ್ಕೆ ಇನ್ನೊಂದು ಕೊಂಬೆ ಇರುವುದಿಲ್ಲ. ಬರದ ಕಥೆಯಿಂದ ನಾವು ಕಲಿಯಬೇಕಾದ ಮೊದಲನೆಯ ಪಾಠ ಇದು.

ಸೂಪಾದಲ್ಲಿ ಬಿದಿರು ಹೂ ಬಿಟ್ಟ 1864ರಲ್ಲೇ ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಹುಟ್ಟಿತು. ಆಗಿನ ಅಧಿಕಾರಿಗಳ ಕಣ್ಣು ತೇಗ, ಬೀಟೆ, ಶ್ರೀಗಂಧದ ಮೇಲೆ. ಬಿದಿರೆಂದರೆ ಅಷ್ಟಕ್ಕಷ್ಟೆ. ಎಷ್ಟೋ ಕಡೆ ತೇಗ ಬೆಳೆಸಲು ಬಿದಿರನ್ನು ಕಳೆಯಂತೆ ಕಡಿದು ಹಾಕಿದ್ದೂ ಉಂಟು. ಇಪ್ಪತ್ತನೆಯ ಶತಮಾನ ಬಂದ ಮೇಲೆ ಗಾಳಿ ತಿರುಗಿತು. ಡೆಹರಾಡೂನಿನ ಅರಣ್ಯ ಸಂಶೋಧನಾಲಯದಲ್ಲಿ ಬಿದಿರಿನಿಂದ ಕಾಗದದ ತಿರುಳು ತೆಗೆಯುವ ಕ್ರಮವನ್ನು ಹದಗೊಳಿಸಿದರು. 1925ರಲ್ಲಿ ಬಿದಿರು ಕಾಗದದ ಕೈಗಾರಿಕೆಗೆ ರಕ್ಷಣೆ ಕೊಡುವ ಕಾಯಿದೆಯೇ ಆಯಿತು. ನಮ್ಮಲ್ಲಿ 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಭದ್ರಾವತಿಯ ಮೈಸೂರು ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ನಾವು ನೀವು ಶಾಲೆಯಲ್ಲಿ ಅಕ್ಷರ ತಿದ್ದಿದ ಎಷ್ಟೋ ಪುಸ್ತಕದ ಕಾಗದ ಅಲ್ಲಿನದೇ. 2015ರ ಸುಮಾರಿಗೆ ಆ ಕಾರ್ಖಾನೆಯ ಕೆಲಸ ನಿಂತಿತು. 1955ರಲ್ಲಿ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ ಸ್ಥಾಪನೆಯಾಗಿ, 1959ರಲ್ಲಿ ಕಾಗದ ತೆಗೆಯತೊಡಗಿತು.

ಇಲ್ಲಿಂದ ಮುಂದಿನದು ಕೇಳತಕ್ಕ ಕಥೆ. ಕಾರ್ಖಾನೆ ಬೆಳೆಯಲಿ, ಊರಿಗೆ ಕೆಲಸ ಬರಲಿ ಎಂದು ಸರ್ಕಾರ ಅದಕ್ಕೆ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿನಂತೆ ಕೊಟ್ಟಿತು. ಅದೇ ಬಿದಿರಿಗೆ ಬುಟ್ಟಿ ಹೆಣೆಯುವ ಮೇದರು ಪೇಟೆಯಲ್ಲಿ ಅದರ ನೂರಾರು ಪಟ್ಟು ತೆರಬೇಕಾಗಿತ್ತು. ಅಗ್ಗದ ಮಾಲನ್ನು ಯಾರು ಜೋಪಾನ ಮಾಡುತ್ತಾರೆ? ಕೆಲವೇ ವರ್ಷಗಳಲ್ಲಿ ಹತ್ತಿರದ ಕಾಡಿನ ಬಿದಿರು ಮುಗಿಯುತ್ತ ಬಂತು, ಕಾರ್ಖಾನೆ ದೂರದೂರಕ್ಕೆ ಕೈಚಾಚಿತು. ಮೇದರು ಗಳ ಸಿಕ್ಕುತ್ತಿಲ್ಲ ಎಂದು ಗದ್ದಲ ಎಬ್ಬಿಸಿದರು. ಕಾರ್ಖಾನೆಯವರು “ಹಳ್ಳಿಯವರ ದನ ಕಳಲೆ ತಿಂದು ಹಾಳುಮಾಡಿತು” ಅಂದರು. ಹಳ್ಳಿಯವರು “ಕಾರ್ಖಾನೆಯೇ ಕಡಿದು ಮುಗಿಸಿತು” ಅಂದರು. 1975ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಪರಿಶೀಲಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರನ್ನು ಕೇಳಿತು.

ಅವರು ಮತ್ತು ಅವರ ಸಂಗಡಿಗರು ಉತ್ತರ ಕನ್ನಡದ ಕಾಡುಗಳಲ್ಲಿ ವರ್ಷಗಟ್ಟಲೆ ಮೆಳೆ ಎಣಿಸಿದರು. ಕಾಡಿನಲ್ಲಿ ಇದೆ ಎಂದು ಕಾಗದದಲ್ಲಿ ಬರೆದಿದ್ದ ಬಿದಿರು ನಿಜವಾಗಿ ಇದ್ದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂದು ಗೊತ್ತಾಯಿತು. ಇನ್ನೊಂದು ಸಂಗತಿ ನಮಗೆ ಇದಕ್ಕಿಂತ ಮುಖ್ಯ. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಹೆಣಿಗೆ ಇರುತ್ತದಲ್ಲ, ಕಾರ್ಖಾನೆಯ ಕೆಲಸದವರು ಅದನ್ನು ಸವರಿ ಶುಚಿಮಾಡುತ್ತಿದ್ದರು. ಮುಳ್ಳು ತೆಗೆದರೆ ಹೊಸ ಗಳ ಸಲೀಸಾಗಿ ಬರುತ್ತದೆ ಎಂದು ಅಧಿಕಾರಿಗಳ ನಂಬಿಕೆ. ಹಳ್ಳಿಯವರು ಮಾತ್ರ “ಮುಳ್ಳು ತೆಗೀಬೇಡಿ, ಅದೇ ಕಳಲೆಗೆ ಬೇಲಿ” ಎಂದಿದ್ದರು. ಎಣಿಸಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಮುಳ್ಳು ಸವರಿದ ಮೆಳೆಯಲ್ಲಿ ಎಳೆ ಕಳಲೆ ದನಕ್ಕೂ ಕಾಡುಪ್ರಾಣಿಗೂ ಬಾಯಿಗೆ ಸಿಕ್ಕಿ, ಗಳ ಮೇಲೇಳಲೇ ಇಲ್ಲ. ಒಂದು ಕಡೆ ಕಾರ್ಖಾನೆಯ ಕತ್ತಿ, ಇನ್ನೊಂದು ಕಡೆ ದನದ ಬಾಯಿ. ಎರಡೂ ಕೂಡಿಯೇ ಬಿದಿರನ್ನು ತಿಂದವು. ಓದಿದವರು ಹೊಲದವರ ಮಾತು ಕೇಳಬೇಕು ಎಂಬುದಕ್ಕೆ ನನ್ನಂಥ ಡಿಪ್ಲೊಮಾದವರು ಆಗಾಗ ಓದಿಕೊಳ್ಳತಕ್ಕ ಪ್ರಸಂಗ ಇದು.

ಇನ್ನು ಕಾನೂನು. 1927ರ ಭಾರತೀಯ ಅರಣ್ಯ ಕಾಯಿದೆ ಬಿದಿರನ್ನು ಮರ ಎಂದು ಕರೆಯಿತು. ಹುಲ್ಲನ್ನು ಮರ ಎಂದದ್ದರಿಂದ ಏನಾಯಿತು? ಸ್ವಂತ ಹೊಲದಲ್ಲಿ ಬೆಳೆದ ಗಳ ಕಡಿಯುವುದಕ್ಕೂ ಸಾಗಿಸುವುದಕ್ಕೂ ರಹದಾರಿಯ ತಾಪತ್ರಯ. “ಬೆಳೆಯೋದು ನಾನು, ಕಡಿಯೋಕೆ ಅಪ್ಪಣೆ ಬೇರೆಯವರದಾ?” ಎಂದು ರೈತರು ಅದರ ಗೊಡವೆಗೇ ಹೋಗಲಿಲ್ಲ. ತೊಂಬತ್ತು ವರ್ಷ ಹೀಗೇ ನಡೆಯಿತು. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿ ತಂದು, ಕಾಡಿನ ಹೊರಗೆ ಬೆಳೆದ ಬಿದಿರು ಆ ಕಾಯಿದೆಯ ಲೆಕ್ಕದಲ್ಲಿ ಮರವಲ್ಲ ಎಂದಿತು. 2006-07ರಲ್ಲಿ ಶುರುವಾಗಿದ್ದ ರಾಷ್ಟ್ರೀಯ ಬಿದಿರು ಯೋಜನೆಯನ್ನು 2018ರಲ್ಲಿ ಹೊಸದಾಗಿ ರೂಪಿಸಿ, ರೈತರ ಜಮೀನಿನಲ್ಲಿ ಬಿದಿರು ಬೆಳೆಸುವುದಕ್ಕೆ ಒತ್ತು ಕೊಟ್ಟರು. ಆದರೂ ಒಂದು ಬುದ್ಧಿಮಾತು: ಗಳ ಕಡಿದು ಊರು ದಾಟಿಸುವ ಮೊದಲು ಅರಣ್ಯ ಕಚೇರಿಯಲ್ಲಿ ಒಂದು ಮಾತು ಕೇಳಿಕೊಂಡರೆ ನಷ್ಟವಿಲ್ಲ. ಪಹಣಿಯಲ್ಲಿ ಬಿದಿರು ಬರೆಸಿಟ್ಟರೆ ಇನ್ನೂ ಒಳ್ಳೆಯದು.

ಕಾಡಿನಲ್ಲಿ ಇಷ್ಟೆಲ್ಲ ಆಗುವಾಗ ನಮ್ಮ ನೆಲದ ಗತಿ ಏನಾಯಿತು? ನಮ್ಮದು ಕೆಂಪು ಮರಳು ಮಣ್ಣು, ಮೇಲುಪದರ ತೆಳು. ಹಿಂದೆ ರಾಗಿ, ಸಜ್ಜೆ, ಹುರುಳಿ, ಅವರೆ, ತೊಗರಿ ಬೆರೆಸಿ ಬಿತ್ತುತ್ತಿದ್ದ ಹೊಲಕ್ಕೆ ಕಡಲೆಕಾಯಿ ಬಂತು. ಒಳ್ಳೆಯ ವರ್ಷ ಕೈತುಂಬ ದುಡ್ಡು, ಇಲ್ಲವೆನ್ನುವಂತಿಲ್ಲ. ಆದರೆ ವರ್ಷ ವರ್ಷವೂ ಅದೊಂದೇ ಬೆಳೆಯಾಗಿ, ಕೀಳುವಾಗ ನೆಲ ಬುಡಮೇಲಾಗಿ, ಬದುವಿನ ಮರವೂ ಹೋಗಿ, ಒಂದು ಜೋರು ಮಳೆಗೆ ಮೇಲ್ಮಣ್ಣು ಹಳ್ಳದ ಪಾಲಾಗತೊಡಗಿತು. ಹೊಳೆಯ ಮರಳು ಲಾರಿ ಹತ್ತಿತು. ಮರಳು ನೀರು ಹಿಡಿದಿಡುವ ಸ್ಪಂಜು. ಅದು ಹೋದಮೇಲೆ ದಡದ ಬಾವಿ ಬತ್ತಿತು, ದಡವೂ ಕುಸಿಯಿತು. ಬಾವಿ ಹೋಗಿ ಕೊಳವೆಬಾವಿ ಬಂತು, ಆಳಕ್ಕೆ ಹೋದಷ್ಟೂ ಫ್ಲೋರೈಡಿನ ನೀರು. ಹಲ್ಲು ಕಂದಾದ ಮಕ್ಕಳನ್ನೂ ಮೊಳಕಾಲು ಬಗ್ಗದ ಮುದುಕರನ್ನೂ ನಾವು ದಿನಾ ನೋಡುತ್ತಿದ್ದೇವೆ.

ಮರ ನೆಡುವ ಪ್ರಯತ್ನಗಳೇನೂ ಆಗದೆ ಇರಲಿಲ್ಲ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಬಂತು. 1983ರ ಆಗಸ್ಟಿನಲ್ಲಿ ನಮ್ಮ ತುಮಕೂರು ಜಿಲ್ಲೆಯಲ್ಲೇ ರೈತರು ಗುಂಪಾಗಿ ಅರಣ್ಯದ ನರ್ಸರಿಗೆ ಹೋಗಿ ನೀಲಗಿರಿ ಸಸಿ ಕಿತ್ತುಹಾಕಿ, ಆ ಜಾಗದಲ್ಲಿ ಹುಣಸೆ ಮಾವಿನ ಬೀಜ ಊರಿ ಬಂದರು. ಮರ ಬೇಡ ಎಂದು ಅವರು ಮಾಡಿದ್ದಲ್ಲ. ನಮಗೆ ನೆರಳು, ಮೇವು, ಕಾಯಿ ಕೊಡುವ ಮರ ಕೊಡಿ ಎಂದು ಮಾಡಿದ್ದು. ಆಮೇಲೆ 2001 ರಿಂದ 2009ರವರೆಗೆ ನಮ್ಮ ಜಿಲ್ಲೆಯೂ ಸೇರಿ ಐದು ಜಿಲ್ಲೆಗಳಲ್ಲಿ ಸುಜಲ ಜಲಾನಯನ ಯೋಜನೆ ನಡೆಯಿತು. ಬದು, ಕೃಷಿಹೊಂಡ, ಹಳ್ಳಕ್ಕೆ ತಡೆ ಇವುಗಳ ಅಗತ್ಯ ಜನಕ್ಕೆ ಮನದಟ್ಟಾದದ್ದು ಆಗ.

ಈಚಿನ ದೊಡ್ಡ ಬದಲಾವಣೆ ನಿಮ್ಮ ಕಣ್ಣೆದುರೇ ಆಗಿದೆ. ಇದೇ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ ಸೂರ್ಯನ ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಪಾರ್ಕು ಎದ್ದಿತು. 2018ರ ಮಾರ್ಚ್ 1ರಂದು ಉದ್ಘಾಟನೆಯಾಗಿ, 2019ರ ಕೊನೆಗೆ 2,050 ಮೆಗಾವ್ಯಾಟ್ ಮುಟ್ಟಿತು. ಜಮೀನು ಕೊಂಡುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡು, ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೊತ್ತುಮಾಡಿದರು. ಮಳೆ ನಂಬಿ ಸಾಲ ಹೊತ್ತಿದ್ದ ರೈತನಿಗೆ ಇದು ಆಸರೆಯೇ, ಸಂದೇಹವಿಲ್ಲ. ಆದರೆ ಪಹಣಿಯಲ್ಲಿ ಹೆಸರಿಲ್ಲದವರಿಗೆ? ಕಳೆ ಕೀಳಲು, ಕಾಯಿ ಬಿಡಿಸಲು ಹೋಗುತ್ತಿದ್ದ ಹೆಣ್ಣಾಳಿಗೆ? ಆ ಬಯಲಲ್ಲಿ ಕುರಿ ಬಿಡುತ್ತಿದ್ದವರಿಗೆ? ಅವರಿಗೆ ಗುತ್ತಿಗೆ ಹಣ ಬರಲಿಲ್ಲ, ಕೂಲಿ ಮಾತ್ರ ತಪ್ಪಿತು. ಬೀಳುನೆಲ ಸುಧಾರಿಸುವ ಮಾತು ಬಂದಾಗ ನಾವು ಮೊದಲು ನೆನೆಯಬೇಕಾದ್ದು ಇವರನ್ನು. ಏಕೆಂದರೆ ಬಿದಿರಿನಲ್ಲಿ ಕೆಲಸ ಗಳ ಕಡಿದಲ್ಲಿಗೆ ಮುಗಿಯುವುದಿಲ್ಲ; ಸೀಳಬೇಕು, ಹೊರೆಯಬೇಕು, ಹೆಣೆಯಬೇಕು, ಸಂತೆಗೆ ಒಯ್ಯಬೇಕು. ಎಕರೆ ಇಲ್ಲದವನಿಗೂ ಅದರಲ್ಲಿ ಪಾಲಿದೆ.

ಬಿದಿರು ಕೆಟ್ಟ ನೆಲವನ್ನು ಎತ್ತಬಲ್ಲದೆ? ಒಂದು ಉದಾಹರಣೆ ಹೇಳುತ್ತೇನೆ. ಉತ್ತರಪ್ರದೇಶದ ಅಲಹಾಬಾದು, ಅಂದರೆ ಈಗಿನ ಪ್ರಯಾಗರಾಜದ ಹತ್ತಿರ ಕೋಟ್ವಾ ಎಂಬ ಊರು. ಇಟ್ಟಿಗೆ ಗೂಡುಗಳಿಗೆ ಮಣ್ಣು ತೋಡಿ ತೋಡಿ ಹೊಲಗಳೆಲ್ಲ ಹಳ್ಳಬಿದ್ದು, ಬೇಸಿಗೆಗೆ ಧೂಳು ಬಿಟ್ಟು ಬೇರೇನೂ ಇರಲಿಲ್ಲ. 1996ರಲ್ಲಿ ಉತ್ಥಾನ್ ಎಂಬ ಸಂಸ್ಥೆಯವರು, ಬಿದಿರು ಮತ್ತು ಬೆತ್ತದ ಅಂತರರಾಷ್ಟ್ರೀಯ ಸಂಸ್ಥೆಯ ನೆರವಿನಿಂದ, ಅಲ್ಲಿ ಬಿದಿರನ್ನು ಇತರ ಗಿಡಗಳೊಂದಿಗೆ ನೆಡಿಸಿದರು. ಎಲೆ ಉದುರಿ ಕೊಳೆತು ಮಣ್ಣಿಗೆ ಸತ್ವ ಬಂತು, ಧೂಳು ಅಡಗಿತು, ಸಾಲಿನ ನಡುವೆ ಮತ್ತೆ ಬೆಳೆ ತೆಗೆದರು, ಹೆಂಗಸರಿಗೆ ಕೆಲಸ ಸಿಕ್ಕಿತು. ಇದು ಹೇಗೆ ಆಗುತ್ತದೆ ಎಂದರೆ, ಬಿದಿರಿನ ಬೇರು ಆಳಕ್ಕೆ ಹೋಗುವುದಕ್ಕಿಂತ ಮೇಲಿನ ಎರಡು ಮೂರು ಅಡಿಯಲ್ಲಿ ಬಲೆಯ ಹಾಗೆ ಹರಡುತ್ತದೆ. ನೀರು ಕೊಚ್ಚುವುದೂ ಆ ಪದರವನ್ನೇ ತಾನೆ. ಗಳ ಕಡಿದರೂ ಗೆಡ್ಡೆ ಸಾಯುವುದಿಲ್ಲ, ನೆಲ ಬರಿದಾಗುವುದಿಲ್ಲ. ಆದರೆ ಒಂದು ಮಾತು ಮರೆಯಬಾರದು. ಅಲ್ಲಿನದು ಗಂಗೆಯ ಮೆಕ್ಕಲು ಮಣ್ಣು, ಮಳೆಯೂ ನಮ್ಮದಕ್ಕಿಂತ ಹೆಚ್ಚು.

ಈಗ ನನ್ನ ಕಥೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಎಲ್ಲೆಲ್ಲೂ ಬಿದಿರು ನೆಡಿಸುವ ಹುಮ್ಮಸ್ಸು. ಗುಡ್ಡದ ಬುಡದ ಒಂದು ಗರಸು ಭೂಮಿಯಲ್ಲಿ ಗುಣಿ ತೋಡಿಸಿದೆ. ಜಮೀನಿನ ಯಜಮಾನರು, ವಯಸ್ಸಾದವರು, “ಸ್ವಾಮಿ, ಇಲ್ಲಿ ಕಳ್ಳಿ ಬಿಟ್ಟರೆ ಏನೂ ನಿಲ್ಲಾಕಿಲ್ಲ. ಹಾಕೋದಾದ್ರೆ ಹೊಂಗೆ ಹಾಕ್ಸಿ” ಎಂದರು. “ಇಲ್ಲ ಯಜಮಾನರೆ, ಪುಸ್ತಕದಲ್ಲಿ ಬರೆದಿದೆ, ಬೀಳುಭೂಮಿಗೆ ಬಿದಿರೇ ಸರಿ” ಎಂದೆ. ಮಳೆ ಎರಡು ತಿಂಗಳು ಚೆನ್ನಾಗಿ ಬಂತು, ಸಸಿ ನಳನಳಿಸಿತು. ನಾನು ಬೀಗಿದೆ. ಮಾರ್ಚ್ ಬರುವ ಹೊತ್ತಿಗೆ ಮುಕ್ಕಾಲು ಸಸಿ ಒಣಗಿ ಕಡ್ಡಿಯಾಗಿದ್ದವು. ಮುಖ ಮುಚ್ಚಿಕೊಳ್ಳುವ ಹಾಗಾಯಿತು. ಆ ಹಿರಿಯರು ಬೈಯಲಿಲ್ಲ. ಕೈಹಿಡಿದು ಹೊಲದ ಕೆಳಗಿನ ಕೊರಕಲಿಗೆ ಕರೆದುಕೊಂಡು ಹೋದರು. ಉಳಿದ ಸಸಿಗಳೆಲ್ಲ ಅಲ್ಲಿದ್ದವು, ಹೂಳು ನಿಂತ ಕಡೆ, ಕಲ್ಲಿನ ತಡೆಯ ಹಿಂದೆ. “ನೋಡಿ ಸ್ವಾಮಿ, ನೀರು ಎಲ್ಲಿ ನಿಂತು ಹೋಗ್ತದೋ ಅಲ್ಲೇ ಇದು ಬದುಕ್ತದೆ. ಮೊದಲು ನೀರು ನಿಲ್ಲಿಸಿ, ಆಮ್ಯಾಗೆ ಬಿದಿರು ತನ್ನಿ” ಅಂದರು. ಈ ಹೊತ್ತು ನಾನು ನಿಮಗೆ ಹೇಳುವ ಸಲಹೆಯೆಲ್ಲ ಆ ಒಂದು ಮಾತಿನ ವಿಸ್ತಾರ, ಅಷ್ಟೆ.

ಹಾಗಾದರೆ ಎಲ್ಲಿ ನೆಡಬೇಕು? ಒಣಸೀಮೆಗೆ ಒಗ್ಗುವುದು ಕಿರುಬಿದಿರು. ಒಳಗೆ ತುಂಬಿಕೊಂಡು ಗಟ್ಟಿಯಾಗಿರುವ, ಕೋಲಿಗೆ ಏಣಿಗೆ ಬರುವ ಜಾತಿ. ಅದಕ್ಕೂ 750 ಮಿಲಿಮೀಟರಿನಷ್ಟು ಮಳೆಯಾದರೆ ಚೆನ್ನ. ನಮಗೆ ಅಷ್ಟು ಬೀಳುವುದಿಲ್ಲ. ಆದುದರಿಂದ ಅಕ್ಕಪಕ್ಕದಿಂದ ಹರಿದು ಬಂದ ನೀರು ಇಂಗುವ ಜಾಗವನ್ನೇ ಆರಿಸಬೇಕು: ಹೊಲದೊಳಗಿನ ಕೊರಕಲು, ಹಳ್ಳದ ಅಂಚು, ತಡೆಯ ಹಿಂದಿನ ಹೂಳು, ಕೃಷಿಹೊಂಡದ ಕೆಳಗಿನ ತಂಪು, ಹೊಳೆಯ ಪಕ್ಕದ ಸ್ವಂತ ಹೊಲದ ದಡ. ಕೆರೆ ಏರಿಯ ಮೇಲೆ ಬೇಡ. ಬೇರಿನ ಜಾಡಿನಲ್ಲಿ ನೀರು ಜಿನುಗಿ ಏರಿಗೇ ಅಪಾಯ. ಗರಸು ದಿಣ್ಣೆಗೆ ಹೊಂಗೆ, ಬೇವು, ಹುಣಸೆ, ಸೀತಾಫಲ ಇವೇ ಲೇಸು. ಹೆಬ್ಬಿದಿರಿಗೆ ನೀರು ಹೆಚ್ಚು ಬೇಕು, ಮುಳ್ಳೂ ಜಾಸ್ತಿ. ಮುಳ್ಳಿಲ್ಲದ ಮಾರಿಹಾಳ ಬಿದಿರು ಪಶ್ಚಿಮದ ಮಳೆಸೀಮೆಯದು. ನಮ್ಮಲ್ಲಿ ನೀರಾವರಿ ಇದ್ದರೆ ಮಾತ್ರ ಅದರ ಯೋಚನೆ ಮಾಡಿ.

ನೆಡುವ ಕ್ರಮ ಕಷ್ಟದ್ದಲ್ಲ. ಬೇಸಿಗೆಯಲ್ಲೇ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಣಿ ತೋಡಿ ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಹದಮಳೆ ಬಿದ್ದ ಕೂಡಲೆ ಒಂದು ವರ್ಷದ ಸಸಿ ನೆಡಿ. ಐದು ಮೀಟರಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 160 ಸಸಿ ಹಿಡಿಯುತ್ತದೆ; ಆದರೆ ನಮಗೆ ಎಕರೆಯ ತೋಟ ಬೇಡ, ಕೊರಕಲಿನ ಉದ್ದಕ್ಕೆ ಒಂದು ಸಾಲು ಸಾಕು. ಮೊದಲ ಎರಡು ಬೇಸಿಗೆ ಬುಡಕ್ಕೆ ಸೊಪ್ಪು ಸದೆ ಹೊದಿಸಿ, ವಾರಕ್ಕೊಮ್ಮೆಯಾದರೂ ನೀರು ಕೊಡಬೇಕು. ಅದಕ್ಕೆ ಅನುಕೂಲವಿಲ್ಲದವರು ನೆಡಬೇಡಿ ಎಂದೇ ಹೇಳುತ್ತೇನೆ. ಕುರಿ ದನ ಬಾಯಿ ಹಾಕದಂತೆ ಮುಳ್ಳಿನ ಬೇಲಿ ಕಟ್ಟಿ. ಉತ್ತರ ಕನ್ನಡದ ಪಾಠ ನೆನಪಿರಲಿ. ಬೆಳೆಯ ಹೊಲದ ಪಕ್ಕಕ್ಕೆ ಮೆಳೆ ಬಂದರೆ ನಡುವೆ ಎರಡಡಿ ಆಳದ ಕಂದಕ ತೋಡಿ, ಬೇರು ಕಡಲೆಕಾಯಿಯ ತೇವ ಕದಿಯುವುದಿಲ್ಲ.

ನಾಲ್ಕೈದನೆಯ ವರ್ಷಕ್ಕೆ ಕಡಿಯಲು ಶುರುಮಾಡಬಹುದು. ಬಿದಿರ ಗಳ ಒಂದೇ ಮಳೆಗಾಲದಲ್ಲಿ ಪೂರ್ತಿ ಎತ್ತರ ಬೆಳೆದುಬಿಡುತ್ತದೆ, ಆಮೇಲೆ ದಪ್ಪವಾಗುವುದಿಲ್ಲ, ಬಲಿಯುತ್ತದೆ ಅಷ್ಟೆ. ಆದ್ದರಿಂದ ಮೂರು ವರ್ಷ ತುಂಬಿದ್ದನ್ನು ಮಾತ್ರ ಕಡಿಯಿರಿ. ಒಂದು ಎರಡು ವರ್ಷದ ಎಳೆಗಳವನ್ನು ಮುಟ್ಟಬೇಡಿ, ಹೊಸ ಕಳಲೆಗೆ ಅವೇ ತಾಯಿ. ಕಳಲೆ ಏಳುವ ಮಳೆಗಾಲದಲ್ಲಿ ಕತ್ತಿ ಕೆಳಗಿಡಿ, ಚಳಿಗಾಲದಲ್ಲಿ ಕಡಿಯಿರಿ. ನೆಲದ ಮೇಲಿನ ಮೊದಲ ಅಥವಾ ಎರಡನೆಯ ಗಿಣ್ಣಿಗೆ ಸರಿಯಾಗಿ ಕಡಿದರೆ ಮೋಟಿನಲ್ಲಿ ನೀರು ನಿಂತು ಕೊಳೆಯುವುದಿಲ್ಲ. ಕಡಿದ ಗಳವನ್ನು ಎರಡು ಮೂರು ವಾರ ನೀರಿನಲ್ಲಿ ಮುಳುಗಿಸಿ ಒಣಗಿಸಿದರೆ ಕುಟ್ಟೆಹುಳದ ಕಾಟ ಕಡಿಮೆ. ಸಸಿಗೂ ನೆರವಿನ ಹಣಕ್ಕೂ ತಾಲ್ಲೂಕಿನ ಅರಣ್ಯ, ತೋಟಗಾರಿಕೆ ಕಚೇರಿಗಳಲ್ಲಿ ವಿಚಾರಿಸಿ. ನೆಟ್ಟು ಬದುಕಿಸಿದ ಸಸಿಗೆ ಪ್ರೋತ್ಸಾಹಧನ ಕೊಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನಮ್ಮ ರಾಜ್ಯದಲ್ಲಿ 2011-12ರಲ್ಲಿ ಶುರುವಾಯಿತು. ಈ ವರ್ಷದ ದರ, ನಿಯಮ ಏನು ಎಂದು ಕೇಳಿ ತಿಳಿದುಕೊಳ್ಳಿ. ಜಾತಿಗಳ ವಿಚಾರಕ್ಕೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಸಂಸ್ಥೆ ಇದೆ.

ಒಂದು ಎಚ್ಚರಿಕೆ ಹೇಳಿ ಮುಗಿಸುತ್ತೇನೆ. ಬಿದಿರಿನಿಂದ ಎಕರೆಗೆ ಲಕ್ಷಾಂತರ ಬರುತ್ತದೆ, ಗಳವನ್ನೆಲ್ಲ ನಾವೇ ಕೊಳ್ಳುತ್ತೇವೆ ಎಂದು ಸಸಿ ಮಾರುವವರು ಬರಬಹುದು. ಕೊಳ್ಳುವವರ ಊರು ಯಾವುದು, ಗಳ ಸಾಗಿಸುವ ಖರ್ಚು ಯಾರದು, ಬರಹದಲ್ಲಿ ಏನಿದೆ, ಇಷ್ಟು ಕೇಳದೆ ಹಣ ಕೊಡಬೇಡಿ. ನಮ್ಮ ಸೀಮೆಯಲ್ಲಿ ಬಿದಿರು ಹೊಲಕ್ಕೆ ಕಾವಲುಗಾರ; ಮುಖ್ಯ ಬೆಳೆ ಎಂದುಕೊಳ್ಳಬೇಡಿ. ಅದು ಮೊದಲು ಮಣ್ಣು ಹಿಡಿಯಲಿ, ಆಮೇಲೆ ಕಾಸು ಕೊಡಲಿ. ನಿಮ್ಮ ಊರಿನಲ್ಲೋ ಸಂತೆಯಲ್ಲೋ ಮೇದರ ಮನೆ ಇದ್ದರೆ ಅವರನ್ನು ಕೇಳಿ: “ಯಾವ ಗಳ ನಿಮಗೆ ಬೇಕು, ಎಷ್ಟಕ್ಕೆ ಕೊಳ್ಳುತ್ತೀರಿ?” ಅವರು ಗಳಕ್ಕಾಗಿ ದೂರದೂರ ಅಲೆಯುವುದು ತಪ್ಪಿದರೆ ನಿಮ್ಮ ಗಳಕ್ಕೂ ಬೆಲೆ, ಅವರ ಕೈಗೂ ಕೆಲಸ.

ಬರುವ ಪುಷ್ಯದಲ್ಲಿ ನಾಗಲಮಡಿಕೆಯ ತೇರಿಗೆ ಹೋದಾಗ ಒಂದು ಗಳಿಗೆ ಹೊಳೆಯ ದಡದಲ್ಲಿ ನಿಂತು ನೋಡಿ. ನಿಮ್ಮ ಹೊಲದಿಂದ ಕೊಚ್ಚಿಹೋದ ಮಣ್ಣು ಆ ದಾರಿಯಲ್ಲೇ ಹೋಗಿದೆ. ಊರಿಗೆ ಮರಳಿ ಬಂದಮೇಲೆ ನಿಮ್ಮ ಹೊಲದ ಕೊರಕಲಿಗೆ ಇಳಿದು, ಎಲ್ಲಿ ಕಲ್ಲು ಅಡ್ಡ ಇಟ್ಟರೆ ನೀರು ನಿಲ್ಲುತ್ತದೆ ಎಂದು ಗುರುತು ಮಾಡಿಕೊಳ್ಳಿ. ಬೇಸಿಗೆಯಲ್ಲಿ ತಡೆ ಕಟ್ಟಿ. ಮುಂಗಾರಿಗೆ ಹತ್ತೇ ಹತ್ತು ಸಸಿ ನೆಡಿ. ಹತ್ತು ಬದುಕಿದರೆ ಮರುವರ್ಷ ಇಪ್ಪತ್ತರ ಮಾತು. ಏನಾದರೂ ತೊಡಕು ಬಂದರೆ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ, ಕೂತು ಮಾತಾಡೋಣ. ನನ್ನ ತಪ್ಪಿನ ಕಥೆ ನಿಮಗೆ ಹೇಳಿದ್ದೇನೆ, ನಿಮ್ಮದನ್ನು ನನಗೆ ಹೇಳಲು ಸಂಕೋಚ ಬೇಡ.